ಕಾಳೀ ತೀರದ ಜಗುಲಿಯಲ್ಲಿ ಅತಿಥಿ

1883ರಲ್ಲಿ 22 ವರ್ಷದ ರವೀಂದ್ರನಾಥ ಠಾಕೂರರು ಕಾರವಾರದಲ್ಲಿದ್ದರು. ಇಂಡಿಯನ್ ಸಿವಿಲ್ ಸರ್ವಿಸ್ ಸೇರಿದ ಮೊದಲ ಭಾರತೀಯರೆಂದು ಹೆಸರಾದ ಅವರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 'ಪ್ರಕೃತಿರ್ ಪ್ರತಿಶೋಧ್' ನಾಟಕ ಆ ಕಡಲತೀರದ ವಾಸದಲ್ಲಿ ಹುಟ್ಟಿತೆಂಬುದು ಬಂಗಾಳಿ ಸಾಹಿತ್ಯದ ಓದುಗರಿಗೆಲ್ಲ ಗೊತ್ತು. ಕಾರವಾರದವರಿಗಂತೂ ತಮ್ಮ ಕಡಲತೀರಕ್ಕೆ ಕವಿಯ ಹೆಸರಿಟ್ಟಿರುವ ಹೆಮ್ಮೆಯಿದೆ. ಆದರೆ 1912ರಲ್ಲಿ ಗ್ರಂಥವಾಗಿ ಬಂದ 'ಜೀವನಸ್ಮೃತಿ'ಯಲ್ಲಿ ಕಡಲಿನ ವರ್ಣನೆಯ ಬೆನ್ನಿಗೇ ಇರುವ ಇನ್ನೊಂದು ಚಿಕ್ಕ ಪ್ರಸಂಗ ಅಷ್ಟಾಗಿ ಚರ್ಚೆಗೆ ಬಂದಂತಿಲ್ಲ. ಒಂದು ಬೆಳುದಿಂಗಳ ರಾತ್ರಿ ಕವಿ ಹಾಗೂ ಸಂಗಡಿಗರು ಕಾಳೀ ನದಿಯಲ್ಲಿ ದೋಣಿಯೇರಿ ಮೇಲ್ಮುಖವಾಗಿ ಸಾಗಿದರು. ಶಿವಾಜಿಯದೆಂದು ಹೇಳುವ ಒಂದು ಹಳೆಯ ಗುಡ್ಡದ ಕೋಟೆಯ ಬಳಿ ದೋಣಿ ನಿಲ್ಲಿಸಿ ಇಳಿದರು. ಒಬ್ಬ ರೈತನ ಮನೆಯ ಗುಡಿಸಿ ಸಾರಿಸಿದ ಅಂಗಳವನ್ನು ಹೊಕ್ಕರು. ಆವರಣದ ಗೋಡೆಯನ್ನು ದಾಟಿ ಬೆಳದಿಂಗಳು ಓರೆಯಾಗಿ ಬೀಳುತ್ತಿದ್ದ ಎಡೆಯಲ್ಲಿ ಕುಳಿತು, ತಾವು ತಂದಿದ್ದ ಬುತ್ತಿಯನ್ನು ಉಂಡರು. ಮರಳುವಾಗ ದೋಣಿಯನ್ನು ಹೊಳೆಯ ಸೆಳವಿಗೇ ಬಿಟ್ಟರು. ನದೀಮುಖ ತಲುಪಿದ ಮೇಲೆ ಮರಳದಂಡೆಯ ಮೇಲೆ ನಡೆದು ಮನೆ ಸೇರಿದರು.

ಪ್ರಸಂಗ ಇಷ್ಟೇ. ಅದರಲ್ಲಿ ನದಿಯಿದೆ, ಬೆಳಕಿದೆ, ನಿಶ್ಶಬ್ದವಾದ ಕಾಡಿದೆ, ಅಂಗಳ ಎಷ್ಟು ಸ್ವಚ್ಛವಾಗಿತ್ತೆಂಬ ವಿವರವೂ ಇದೆ. ಅಂಗಳದ ಒಡೆಯನ ಹೆಸರಿಲ್ಲ. ಅವನಾಡಿದ ಒಂದು ಮಾತೂ ಇಲ್ಲ. ಅಂಗಳವನ್ನು ಸಗಣಿಯಿಂದ ಸಾರಿಸಿದ ಕೈಗಳು ಯಾರವೆಂಬ ಪ್ರಶ್ನೆಯಂತೂ ಏಳುವುದೇ ಇಲ್ಲ. ಇದು ಕವಿಯೊಬ್ಬರ ಉಪೇಕ್ಷೆಯೆಂದು ಭಾವಿಸುವುದು ನ್ಯಾಯವಲ್ಲ. ಪ್ರವಾಸಕಥನವೆಂಬ ಪ್ರಕಾರವೇ ಅತಿಥಿಯ ಲೇಖನಿಯಿಂದ ಹುಟ್ಟುವಂಥದು. ಅತಿಥೇಯ ಬರೆದಿಟ್ಟ ಕಥನ ತೀರ ವಿರಳ. ಸ್ಥಳೀಯ ಕುಟುಂಬಗಳ ಜತೆ ತಂಗುವ ಅಲ್ಪವ್ಯಯದ ಪ್ರವಾಸವನ್ನು ಇಂದು 'ಹೋಂಸ್ಟೇ' ಎಂಬ ಹೆಸರಿನಲ್ಲಿ ಹೊಸ ಆವಿಷ್ಕಾರವೆಂಬಂತೆ ಕೊಂಡಾಡುವಾಗ, ಅದರ ಹಿಂದಿರುವ ದೀರ್ಘವಾದ ಚರಿತ್ರೆಯನ್ನು ಮನೆಯವರ ಕಡೆಯಿಂದ ನೋಡುವ ಅಗತ್ಯವಿದೆ. ಕಾಳೀ ಕಣಿವೆ ಹಾಗೂ ಅಂಕೋಲೆಯ ಸೀಮೆ ಅದಕ್ಕೆ ತಕ್ಕ ಕ್ಷೇತ್ರ.

ಈ ಸೀಮೆಯ ಭೂರಚನೆಯೇ ಆತಿಥ್ಯದ ಸ್ವರೂಪವನ್ನು ಬಹುಮಟ್ಟಿಗೆ ನಿರ್ಧರಿಸಿದೆ. ಕಾರವಾರದಿಂದ ಸುಮಾರು 35 ಕಿಲೋಮೀಟರು ಒಳಗೆ, ಘಟ್ಟದ ಬುಡದಲ್ಲಿ ಕದ್ರಾ ಇದೆ. ಕಡಲ ಭರತದ ಬಲದಿಂದ ದೋಣಿಗಳು ಆ ಕಡೆಗೆ ಬಹುದೂರ ಸಾಗುತ್ತಿದ್ದವು. ಅಲ್ಲಿಂದ ಮುಂದೆ ಕಾಲುದಾರಿ, ಎತ್ತಿನ ಹೇರು. ಕಡಲಿನ ಉಪ್ಪು, ಒಣಮೀನು, ತೆಂಗು ಮೇಲಕ್ಕೂ, ಬಯಲುಸೀಮೆಯ ಧಾನ್ಯ ಮತ್ತು ಹತ್ತಿ ಕೆಳಕ್ಕೂ ಈ ಘಟ್ಟದ ದಾರಿಗಳಲ್ಲೇ ಹರಿದವು. ಬಯಲುಸೀಮೆಯ ಊರಿಗೆ ಅಗಸೆಯಿದೆ, ಚಾವಡಿಯಿದೆ, ಕಟ್ಟೆಯಿದೆ. ಪರಸ್ಥಳದವನು ಊರಿಗೆ ಬಂದನೆಂದರೆ ಊರಿನ ನಡುವಿಗೆ ಬಂದಂತೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಮನೆಗಳು ತಂತಮ್ಮ ಗದ್ದೆ ತೋಟಗಳ ಅಂಚಿನಲ್ಲಿ ಚದುರಿಕೊಂಡಿವೆ. ಊರಿಗೆ ಒಂದು ನಡು ಎಂಬುದೇ ಇಲ್ಲ. ಕತ್ತಲಾದಾಗ ದಾರಿಹೋಕ ತಲುಪುವುದು ಊರನ್ನಲ್ಲ, ಯಾರದೋ ಒಂದು ಮನೆಯನ್ನು. 1801ರಲ್ಲಿ ಅಂಕೋಲೆ, ಸದಾಶಿವಗಡಗಳ ಮೇಲೆ ಹಾದುಹೋದ ಫ್ರಾನ್ಸಿಸ್ ಬುಕಾನನ್‌ನಂತಹ ಕಂಪನಿಯ ಅಧಿಕಾರಿಗೆ ಪರಿವಾರವಿತ್ತು. ಪರಿವಾರವಿಲ್ಲದವನಿಗೆ ಜಗುಲಿಯೇ ಗತಿ.

ಅತಿಥಿ ಎಂಬ ಶಬ್ದಕ್ಕೆ ಜೈನಾಚಾರ್ಯರು ನೀಡಿದ ನಿರ್ವಚನ ಇಲ್ಲಿ ಪ್ರಸ್ತುತ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಶ್ರಾವಕನ ವ್ರತಗಳಲ್ಲಿ ಅತಿಥಿಸಂವಿಭಾಗವನ್ನು ಎಣಿಸುತ್ತದೆ. ಅದರ ಮೇಲೆ 'ಸರ್ವಾರ್ಥಸಿದ್ಧಿ' ವ್ಯಾಖ್ಯಾನವನ್ನು ಬರೆದ ಪೂಜ್ಯಪಾದರು ಎರಡು ಅರ್ಥಗಳನ್ನು ಹೇಳುತ್ತಾರೆ: ಸಂಯಮ ಕೆಡದಂತೆ ಸಂಚರಿಸುವವನು ಅತಿಥಿ, ಅಥವಾ ಬರುವುದಕ್ಕೆ ತಿಥಿಯ ಗೊತ್ತಿಲ್ಲದವನು ಅತಿಥಿ. ಮೊದಲನೆಯ ಅರ್ಥ ಮುನಿಗೆ ಮಾತ್ರ ಸಲ್ಲುವುದು. ಎರಡನೆಯದು ಎಲ್ಲ ದಾರಿಹೋಕರಿಗೂ ಹೊಂದುತ್ತದೆ. ಸಂವಿಭಾಗ ಎಂಬ ಪದವೂ ಗಮನಾರ್ಹ. ಅದು ಉಳಿದುದನ್ನು ಕೊಡುವ ಕ್ರಿಯೆಯಲ್ಲ. ತನಗೆಂದು ಇರುವುದರಲ್ಲಿಯೇ ಒಂದು ಪಾಲನ್ನು ತೆಗೆದಿಡುವುದು. ಆ ಪಾಲನ್ನು ಪೂಜ್ಯಪಾದರು ನಾಲ್ಕಾಗಿ ವಿಂಗಡಿಸುತ್ತಾರೆ: ಭಿಕ್ಷೆ, ಉಪಕರಣ, ಔಷಧ, ಪ್ರತಿಶ್ರಯ. ಪ್ರತಿಶ್ರಯವೆಂದರೆ ತಂಗುದಾಣ. ಸಮಂತಭದ್ರರ 'ರತ್ನಕರಂಡಕ ಶ್ರಾವಕಾಚಾರ'ವೂ ವೈಯಾವೃತ್ಯದ ಹೆಸರಿನಲ್ಲಿ ಆಹಾರ, ಔಷಧ, ಉಪಕರಣ, ಆವಾಸಗಳನ್ನು ಹೇಳುತ್ತದೆ. ಎರಡೂ ಪ್ರಾಚೀನ ಗ್ರಂಥಗಳಲ್ಲಿ ವಸತಿ ಗೃಹಸ್ಥನ ಹೊಣೆಯ ಪಟ್ಟಿಯಲ್ಲೇ ಇದೆ.

ಕನ್ನಡನಾಡಿನ ಶಾಸನಗಳಲ್ಲಿ ಶ್ರಾವಕರನ್ನು, ಶ್ರಾವಿಕೆಯರನ್ನು ಹೊಗಳುವಾಗ ಮತ್ತೆ ಮತ್ತೆ ಬರುವ ಚತುರ್ವಿಧದಾನದ ಪಟ್ಟಿ ಬೇರೆ: ಆಹಾರ, ಅಭಯ, ಭೈಷಜ್ಯ, ಶಾಸ್ತ್ರ. ಆವಾಸವೂ ಉಪಕರಣವೂ ಅದರಲ್ಲಿಲ್ಲ; ಅಭಯವೂ ಶಾಸ್ತ್ರವೂ ಬಂದಿವೆ. ಎರಡು ಪರಂಪರೆಗಳೂ ಗ್ರಂಥಸಮ್ಮತವೇ ಆದುದರಿಂದ ಒಂದು ಇನ್ನೊಂದನ್ನು ಅಳಿಸಿತೆನ್ನುವಂತಿಲ್ಲ. ಆದರೂ ಲೋಕಪ್ರಸಿದ್ಧವಾದ ಪಟ್ಟಿಯಲ್ಲಿ ವಸತಿ ಕಾಣದಿರುವುದಕ್ಕೆ ಒಂದು ಸಾಮಾಜಿಕ ಕಾರಣವನ್ನು ಊಹಿಸಬಹುದು. ಬಸದಿ, ಮಠ, ಛತ್ರ, ಅರವಟ್ಟಿಗೆಗಳಿಗೆ ದತ್ತಿಗಳು ಹೆಚ್ಚಿದಂತೆ ದಾರಿಹೋಕನಿಗೆ ಮಾಡು ಒದಗಿಸುವ ಕೆಲಸ ಸಂಸ್ಥೆಗಳ ಪಾಲಿಗೆ ಹೋಯಿತು. ಸಂಸ್ಥೆಗೆ ಕೊಟ್ಟದ್ದು ಶಾಸನಕ್ಕೆ ಏರಿತು. ಮನೆಯ ಜಗುಲಿಯಲ್ಲಿ ಚಾಪೆ ಹಾಸಿ ಕೊಟ್ಟದ್ದು ಎಲ್ಲಿಯೂ ಏರಲಿಲ್ಲ. ಸ್ವಾದಿಯ ಜೈನಮಠ, ಗೇರುಸೊಪ್ಪೆ ಮತ್ತು ಹಾಡುವಳ್ಳಿಯ ಬಸದಿಗಳಿಂದ ತುಂಬಿದ್ದ ಈ ಜಿಲ್ಲೆಯಲ್ಲಿ ಕಲ್ಲಿನ ಸಾಕ್ಷ್ಯ ಸಾಕಷ್ಟಿದೆ. ಅದು ಹೇಳುವುದು ಸಂಸ್ಥೆಯ ಆತಿಥ್ಯವನ್ನು ಮಾತ್ರ.

ಪರದೇಶದ ಪ್ರವಾಸಿಗಳ ಬರಹವೂ ಇದಕ್ಕೆ ಹೊಂದುತ್ತದೆ. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ, ಗೋವೆಯಿಂದ ಕೊಲ್ಲಂವರೆಗಿನ ಕರಾವಳಿಯನ್ನೆಲ್ಲ ಒಟ್ಟಾಗಿ ಮಲಬಾರವೆಂದು ಕರೆದವನು. ಆ ದಾರಿಯುದ್ದಕ್ಕೂ ಮರಗಳ ನೆರಳು, ಅರ್ಧ ಮೈಲಿಗೊಂದು ಮರದ ತಂಗುದಾಣ, ಕೂರಲು ಹಲಗೆ, ಬದಿಯಲ್ಲಿ ಬಾವಿ, ನೀರು ಕೊಡಲು ಒಬ್ಬ ಆಳು ಇರುವುದನ್ನು ಅವನು ದಾಖಲಿಸಿದ್ದಾನೆ. ಅರವಟ್ಟಿಗೆಯ ಇಷ್ಟು ಒಳ್ಳೆಯ ವರ್ಣನೆ ಬೇರೆಡೆ ಸಿಗುವುದು ಕಷ್ಟ. ಅದರ ಜತೆಯಲ್ಲೇ ಇನ್ನೊಂದು ಮಾತೂ ಇದೆ: ನೀರು ಕೊಡುವವನು ತನ್ನ ಧರ್ಮದವನಿಗೆ ಪಾತ್ರೆಯಲ್ಲಿ ಕೊಡುತ್ತಾನೆ, ಮುಸಲ್ಮಾನನಿಗೆ ಬೊಗಸೆಗೆ ಹೊಯ್ಯುತ್ತಾನೆ, ಮನೆಯೊಳಗೆ ಅವನನ್ನು ಸೇರಿಸುವುದಿಲ್ಲ, ಆದರೆ ಮುಸಲ್ಮಾನರಿಲ್ಲದ ಊರಿನಲ್ಲಿ ಅವನಿಗಾಗಿ ಅಡುಗೆ ಮಾಡಿ ಬಾಳೆಲೆಯಲ್ಲಿ ಬಡಿಸುತ್ತಾರೆ. ಉಪಕಾರ ಮತ್ತು ದೂರ ಎರಡೂ ಒಂದೇ ಕೈಯಿಂದ ಬಂದವು. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜತೆ ಹೊನ್ನಾವರದಿಂದ ಗೇರುಸೊಪ್ಪೆಯ ಮಾರ್ಗವಾಗಿ ಇಕ್ಕೇರಿಗೆ ಹೋದ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಘಟ್ಟದ ಮೇಲೆ ತಂಗಿದ್ದು ಹನುಮಂತನ ಗುಡಿಯಲ್ಲಿ. ಅಲ್ಲಿನ ಪಡಸಾಲೆಯಲ್ಲಿ ನಾಲ್ವರು ಹುಡುಗರು ಮರಳಿನ ಮೇಲೆ ಬೆರಳಿನಿಂದ ಬರೆದು, ರಾಗವಾಗಿ ಹಾಡುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಅವನು ಬೆರಗಿನಿಂದ ಬಣ್ಣಿಸುತ್ತಾನೆ. ಕರ್ನಾಟಕದ ಶಿಕ್ಷಣಚರಿತ್ರೆಗೆ ಅಮೂಲ್ಯವಾದ ಈ ದೃಶ್ಯ ಅವನಿಗೆ ದೊರಕಿದ್ದು ಗುಡಿಯ ಪಡಸಾಲೆಯಲ್ಲಿ ಕಾದು ಕುಳಿತದ್ದರಿಂದ. ಆ ಹುಡುಗರ ಮನೆಗಳ ಒಳಗು ಹೇಗಿತ್ತೆಂಬುದು ಅವನ ಕಣ್ಣಿಗೆ ನಿಲುಕುವ ಸಂಗತಿಯಾಗಿರಲಿಲ್ಲ.

ಹಾಗಿದ್ದರೆ ಮನೆಯ ಆತಿಥ್ಯದ ಕ್ರಮವೇನು? ಅದನ್ನು ಮನೆಯ ರಚನೆಯಲ್ಲೇ ಓದಬೇಕು. ಉತ್ತರ ಕನ್ನಡದ ಹಳೆಯ ಮನೆಗಳಲ್ಲಿ ಅಂಗಳ, ಜಗುಲಿ, ನಡುಮನೆ, ಅಡುಗೆಮನೆ ಎಂಬ ಮೆಟ್ಟಿಲುಗಳಿವೆ. ಬಂದವನು ಯಾವ ಮೆಟ್ಟಿಲವರೆಗೆ ಬರಬಹುದೆಂಬುದು ಅವನು ಬಾಯಿ ತೆರೆಯುವ ಮೊದಲೇ ತೀರ್ಮಾನವಾಗಿರುತ್ತಿತ್ತು. ಘಟ್ಟದ ಮೇಲಿನ ಹವ್ಯಕರ ಮನೆಯಲ್ಲಿ ಮೊದಲ ಉಪಚಾರ 'ಆಸರಿಗೆ', ಬೆಲ್ಲದ ತುಂಡು ಮತ್ತು ನೀರು. ಅನಂತರ ಕವಳದ ಹರಿವಾಣ. ಎಲೆ, ಅಡಿಕೆ, ಸುಣ್ಣಗಳ ನಡುವೆ ಯಾವೂರು, ಯಾರ ಪೈಕಿ, ಎತ್ತಲಾಗಿ ಪಯಣ ಎಂಬ ವಿಚಾರಣೆ ನಡೆಯುತ್ತಿತ್ತು. ಸೌಜನ್ಯದ ಮಾತಿನಂತೆ ಕಾಣುವ ಈ ವಿಚಾರಣೆ ವಾಸ್ತವದಲ್ಲಿ ಬಂದವನ ಪಂಕ್ತಿಯನ್ನು ಗೊತ್ತುಮಾಡುವ ಪರೀಕ್ಷೆ. ತಮ್ಮವನೆಂದು ತಿಳಿದರೆ ಒಳಗೆ ಎಲೆ ಬೀಳುತ್ತಿತ್ತು. ಆತಿಥೇಯನಿಗಿಂತ ಮೇಲೆಂದು ಎಣಿಸಿಕೊಂಡ ಜಾತಿಯವನಾದರೆ ಅಕ್ಕಿ, ಬೇಳೆ, ಕಾಯಿ, ಸೌದೆಯ ಪಡಿ ಪಡೆದು ಹೊರಗೆ ಒಲೆ ಹೂಡಿ ಸ್ವಯಂಪಾಕ ಮಾಡಿಕೊಳ್ಳುತ್ತಿದ್ದ. ಮನೆಯವರ ಬೆಂಕಿ ಬೇಕು, ಅವರ ಅನ್ನ ಬೇಡ. ಕೆಳಗೆಂದು ಎಣಿಸಿದ ಜಾತಿಯವನಿಗೆ ಅಂಗಳದಾಚೆಯ ಮರದ ಬುಡ, ತೆಂಗಿನ ಚಿಪ್ಪು. ಅಸ್ಪೃಶ್ಯರೆನಿಸಿಕೊಂಡವರಿಗೆ ಅಂಗಳವೂ ಇಲ್ಲ. ನಮ್ಮ ಪೂರ್ವಿಕರ ಮನೆಗಳ ಬಾಗಿಲು ಸದಾ ತೆರೆದಿರುತ್ತಿತ್ತೆಂಬ ಅಭಿಮಾನದ ಮಾತುಗಳನ್ನು ಓದುವಾಗ ಈ ಮೆಟ್ಟಿಲುಗಳನ್ನು ಮರೆಯಲಾಗದು.

ಠಾಕೂರರ ಬಳಗ ಬುತ್ತಿ ಕಟ್ಟಿಕೊಂಡು ಹೋದದ್ದು ಕೇವಲ ವಿಹಾರದ ಅನುಕೂಲಕ್ಕಿರಬಹುದು. ಆದರೆ ಆ ರೈತನ ದೃಷ್ಟಿಯಲ್ಲಿ ಅದು ಪರಿಚಿತ ರೂಢಿಯೇ: ದೊಡ್ಡವರು ಬಂದರು, ಅಂಗಳದಲ್ಲಿ ಕುಳಿತರು, ತಮ್ಮದನ್ನು ತಾವೇ ಉಂಡರು, ಹೋದರು.

ಈ ಆತಿಥ್ಯಕ್ಕೆ ಬೆಲೆ ಇರಲಿಲ್ಲವೆಂಬ ಮಾತನ್ನೂ ಪರಿಶೀಲಿಸಬೇಕು. ಬೆಲೆ ಇತ್ತು, ಅತಿಥಿ ಅದನ್ನು ತೆರುತ್ತಿರಲಿಲ್ಲ, ಅಷ್ಟೆ. ಅಕ್ಕಿ ಗಿರಣಿಗಳು ಬರುವುದಕ್ಕಿಂತ ಮೊದಲು ಕುಚ್ಚಲಕ್ಕಿಯ ಒಂದು ಹೆಚ್ಚಿನ ಪಾವೆಂದರೆ ಒನಕೆಯ ಅಷ್ಟು ಹೆಚ್ಚಿನ ಪೆಟ್ಟು. ಆಷಾಢದ ಮಳೆಯಲ್ಲಿ ಹಸಿ ಸೌದೆಯ ಹೊಗೆಯ ಮುಂದೆ ಹೊತ್ತಲ್ಲದ ಹೊತ್ತಿನಲ್ಲಿ ಮತ್ತೆ ಒಲೆ ಹೊತ್ತಿಸಬೇಕಾದವರು ಹೆಂಗಸರು. ಜಗುಲಿಯಲ್ಲಿ ಯಜಮಾನ ಗಳಿಸಿದ ದಾತೃತ್ವದ ಕೀರ್ತಿ ಅಡುಗೆಮನೆಯ ಸಾಲ. ತಿಥಿಯಿಲ್ಲದೆ ಬರುವವನು ಅತಿಥಿಯೆಂಬ ನಿರ್ವಚನ ವಿದ್ವಾಂಸನಿಗೆ ರಮ್ಯವಾಗಿ ತೋರಬಹುದು. ಅದರ ಭಾರ ಎಷ್ಟೆಂಬುದು ಕಣಜದ ತಳ ಬಳಿಯುವವಳಿಗೆ ಗೊತ್ತು.

ಜಗುಲಿಯ ಈ ಮೆಟ್ಟಿಲುಗಳು ಸಾರ್ವಜನಿಕವಾಗಿ ಅಲುಗಾಡಿದ್ದು ಅಂಕೋಲೆಯಲ್ಲಿ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಅಲ್ಲಿ ಉಪ್ಪಿನ ಕಾಯಿದೆ ಮುರಿಯಲಾಯಿತು. ಕರ್ನಾಟಕದ ನಾನಾ ಕಡೆಗಳಿಂದ ಸ್ವಯಂಸೇವಕರು ಬಂದು ಸೇರಿದರು. ಮುಂದೆ ಅಂಕೋಲೆ, ಸಿದ್ದಾಪುರ ತಾಲೂಕುಗಳಲ್ಲಿ ಕರನಿರಾಕರಣೆ ನಡೆದು, ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂತು. ಹೊರಗಿನಿಂದ ಬಂದವರು ತಿಂಗಳುಗಟ್ಟಲೆ ಉಂಡದ್ದು, ಮಲಗಿದ್ದು, ಅಡಗಿದ್ದು ಹಳ್ಳಿಯ ಮನೆಗಳಲ್ಲಿ. ಧಾರವಾಡದ ಸೀಮೆಯ ರೊಟ್ಟಿಯ ಹುಡುಗನೊಬ್ಬ ಕರಾವಳಿಯ ಗಂಜಿಗೆ ಒಗ್ಗಿಕೊಳ್ಳುವುದು, ಕೊಂಕಣಿಯ ಲಯವಿರುವ ಕನ್ನಡವನ್ನು ಕಿವಿಗೆ ಹೊಂದಿಸಿಕೊಳ್ಳುವುದು, ಮನೆಯ ಮುದುಕಿಯಿಂದ ಬೈಸಿಕೊಳ್ಳುವುದು ಎಲ್ಲವೂ ಈ ವಾಸದ ಭಾಗವೇ. ಏಕೀಕರಣಕ್ಕೆ ಇನ್ನೂ ಕಾಲು ಶತಮಾನವಿದ್ದಾಗ ಘಟ್ಟದ ಮೇಲಿನ ಹಾಗೂ ಕೆಳಗಿನ ಕನ್ನಡಿಗರು ಒಬ್ಬರ ಮನೆಯಲ್ಲೊಬ್ಬರು ಉಂಡ ಸಂದರ್ಭಗಳಲ್ಲಿ ಇದು ಮುಖ್ಯವಾದದ್ದು. ಸಾಹಿತ್ಯ ಸಮ್ಮೇಳನಗಳ ನಿರ್ಣಯಗಳಿಗೆ ಕೊಡುವ ಮಹತ್ತ್ವವನ್ನು ಏಕೀಕರಣದ ಇತಿಹಾಸಕಾರರು ಇದಕ್ಕೂ ಕೊಡಬೇಕಿತ್ತು.

ಈಗ ಆತಿಥ್ಯದ ಬೆಲೆಯೂ ಬದಲಾಗಿತ್ತು. 1932ರ ಜನವರಿ 4ರಂದು ಸರಕಾರ ಹೊರಡಿಸಿದ ನಾಲ್ಕು ಸುಗ್ರೀವಾಜ್ಞೆಗಳಲ್ಲಿ ಒಂದು ಕರನಿರಾಕರಣೆಯ ಪ್ರಚೋದನೆಯನ್ನು ಶಿಕ್ಷಾರ್ಹಗೊಳಿಸಿತು. ಇನ್ನೊಂದು ಕಾನೂನುಬಾಹಿರವೆಂದು ಸಾರಿದ ಸಂಘಟನೆಗಳು ಬಳಸುವ ಸ್ಥಳಗಳನ್ನು ವಶಪಡಿಸಿಕೊಳ್ಳುವ ಅಧಿಕಾರ ನೀಡಿತು. ಅತಿಥಿಗೆ ಚಾಪೆ ಹಾಸಿದವನು ತನ್ನ ಸೂರನ್ನೇ ಪಣಕ್ಕಿಟ್ಟಂತಾಯಿತು. ಕಂದಾಯ ಕೊಡದವರ ಜಮೀನು, ದನಕರು, ಪಾತ್ರೆಪಗಡಿ ಜಪ್ತಿಯಾದಾಗ ನಿನ್ನೆಯ ಆತಿಥೇಯರು ಇಂದು ನೆರೆಯವರ, ನೆಂಟರ ಜಗುಲಿಯಲ್ಲಿ ಅತಿಥಿಗಳಾದರು. ಭಯವಿದ್ದಲ್ಲಿ ಆವಾಸ ಕೊಡುವುದೇ ಅಭಯ. ಶಾಸ್ತ್ರಕಾರರ ಎರಡು ಪಟ್ಟಿಗಳು ಇಲ್ಲಿ ಒಂದಾದವು. ಈ ಮನೆಗಳ ಗಂಡಸರಲ್ಲಿ ಹಲವರ ಹೆಸರುಗಳು ಸ್ವಾತಂತ್ರ್ಯಯೋಧರ ಪಟ್ಟಿಯಲ್ಲಿವೆ, ಅದು ಜೈಲಿನ ದಾಖಲೆಯಿಂದ ಸಿದ್ಧವಾದ ಪಟ್ಟಿ. ಊಟ ಬಡಿಸಿದವರಿಗೆ ಜೈಲಿನ ದಾಖಲೆ ಇರುವುದಿಲ್ಲ.

ಆತಿಥೇಯನನ್ನು ಹೆಸರಿಟ್ಟು ಕೂರಿಸಿದ ಕೀರ್ತಿ ಚರಿತ್ರೆಗಿಂತ ಕಾದಂಬರಿಗೆ ಸಲ್ಲಬೇಕು. ಶಿವರಾಮ ಕಾರಂತರ 'ಬೆಟ್ಟದ ಜೀವ' (1943) ನಡೆಯುವುದು ಇಲ್ಲಿಂದ ಬಹುದೂರ ತೆಂಕಣಕ್ಕೆ, ಸುಬ್ರಹ್ಮಣ್ಯದ ಕಾಡಿನಲ್ಲಿ. ದಾರಿ ತಪ್ಪಿದ ನಿರೂಪಕ ಗೋಪಾಲಯ್ಯ, ಶಂಕರಮ್ಮರ ಮನೆ ಸೇರುತ್ತಾನೆ. ಹೊರಡುತ್ತೇನೆಂದಾಗಲೆಲ್ಲ ಮುದುಕ ಒಂದಲ್ಲ ಒಂದು ನೆವ ಹೂಡಿ ಅವನನ್ನು ಉಳಿಸಿಕೊಳ್ಳುತ್ತಾನೆ. ಮಗ ಮನೆ ಬಿಟ್ಟು ಹೋದ ಆ ದಂಪತಿಗಳಿಗೆ ಅತಿಥಿಯ ಅಗತ್ಯ, ಅತಿಥಿಗೆ ಅವರ ಅಗತ್ಯಕ್ಕಿಂತ ಹೆಚ್ಚಿನದು. ಪ್ರವಾಸಕಥನಗಳಲ್ಲಿ ಅತಿಥಿಗೆ ಚಹರೆ, ಆತಿಥೇಯನಿಗೆ ಅಂಗಳ. ಕಾರಂತರಲ್ಲಿ ಅದು ತಿರುಗಿ ನಿಂತಿದೆ. ಆತಿಥ್ಯದ ಒಳಗಿನ ಒಂಟಿತನವನ್ನು ಕನ್ನಡದಲ್ಲಿ ಬೇರಾವ ಕೃತಿಯೂ ಇಷ್ಟು ಹತ್ತಿರದಿಂದ ನೋಡಿಲ್ಲವೆಂದರೆ ಅತಿಶಯೋಕ್ತಿಯಾಗದು.

ಇಂದಿನ ಹೋಂಸ್ಟೇ ಈ ಹಿನ್ನೆಲೆಯಲ್ಲಿ ಹೇಗೆ ಕಾಣುತ್ತದೆ? ಅತಿಥಿಸತ್ಕಾರ ವ್ಯಾಪಾರವಾಯಿತೆಂಬ ವ್ಯಥೆ ಸಾಮಾನ್ಯ. ಆದರೆ ದರಪಟ್ಟಿ ಮಾಡಿದ ಒಂದು ಕೆಲಸವನ್ನು ದಾನ ಮಾಡಿರಲಿಲ್ಲ. ಹಣ ತೆತ್ತು ಬಂದವನ ಪಂಕ್ತಿಯನ್ನು ಬಹಿರಂಗವಾಗಿ ವಿಚಾರಿಸುವ ಹಕ್ಕು ಮನೆಯವರಿಗಿಲ್ಲ. ಕವಳದ ಹರಿವಾಣದ ಪರೀಕ್ಷೆ ಗುರುತಿನ ಚೀಟಿಯ ನಕಲಿಗೆ ಇಳಿದಿದೆ. ವಿಚಾರಣೆ ಪೂರ್ತಿ ನಿಂತಿದೆಯೆಂದು ನಂಬುವಷ್ಟು ಮುಗ್ಧರು ಯಾರೂ ಇರಲಾರರು, ಆದರೆ ಅದಕ್ಕೆ ಈಗ ನಾಚಿಕೆ ಬಂದಿದೆ. ಅಡುಗೆಮನೆಯ ದುಡಿಮೆಗೂ ಮೊದಲ ಬಾರಿ ಒಂದು ಅಂಕಿ ದೊರೆತಿದೆ, ಆ ಹಣ ಯಾರ ಕೈ ಸೇರುತ್ತದೆಂಬುದು ಮನೆಯಿಂದ ಮನೆಗೆ ಭಿನ್ನವಾದರೂ. ಅತಿಥಿಗೂ ಇದರಿಂದ ಲಾಭ. ಹೋಟೆಲಿನ ಕೋಣೆಗಿಂತ ಕಡಿಮೆ ವೆಚ್ಚದಲ್ಲಿ, ದುಬಾರಿ ಕೋಣೆಯಲ್ಲೂ ಸಿಗದ ಸಂಗತಿಗಳು ಅವನಿಗೆ ಸಿಗುತ್ತವೆ: ಹಾಲಕ್ಕಿಯವರ ಸುಗ್ಗಿಕುಣಿತದ ತುರಾಯಿ ಯಾವ ಮನೆಯಲ್ಲಿ ಸಿದ್ಧವಾಗುತ್ತದೆಂಬ ತಿಳಿವು, ಒಂದೇ ಮನೆಯಲ್ಲಿ ದೇವರ ಮುಂದೆ ಒಂದು ಭಾಷೆ, ಒಲೆಯ ಮುಂದೆ ಇನ್ನೊಂದು ಭಾಷೆ ನಡೆಯುವ ಗಡಿಸೀಮೆಯ ಬದುಕಿನ ದರ್ಶನ. ಗೋವೆಯಲ್ಲಿ ಪೋರ್ಚುಗೀಸರ ಧಾರ್ಮಿಕ ಕಿರುಕುಳಕ್ಕೆ ಅಂಜಿ ಹದಿನಾರನೆಯ ಶತಮಾನದಲ್ಲಿ ತೆಂಕಣಕ್ಕೆ ಬಂದ ಕೊಂಕಣಿ ಕುಟುಂಬಗಳೂ ಒಂದು ಕಾಲದಲ್ಲಿ ಈ ತೀರದ ಅತಿಥಿಗಳೇ ಅಲ್ಲವೆ?

ಒಂದು ಷರತ್ತಿದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಮನೆವಾಸದ ಯೋಜನೆ ಒಂದರಿಂದ ಆರು ಕೋಣೆಗಳವರೆಗೆ, ಹೆಚ್ಚೆಂದರೆ 12 ಹಾಸಿಗೆಗಳಿಗೆ ಅವಕಾಶ ಕೊಡುತ್ತದೆ. ಮನೆಯ ಒಡೆಯರು ಕುಟುಂಬಸಮೇತ ಅದೇ ಮನೆಯಲ್ಲಿ ವಾಸವಾಗಿರಬೇಕು. ನಿಯಮ ಯುಕ್ತವೇ. ಆತಿಥೇಯನಾಗಲು ಮೊದಲು ಮನೆ ಇರಬೇಕು. ಕಾಳೀ ಕಣಿವೆಯಲ್ಲಿ ಇದು ಸಣ್ಣ ಮಾತಲ್ಲ. 1980ರ ದಶಕದಲ್ಲಿ ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಸೂಪಾ ಪಟ್ಟಣವೇ ಮುಳುಗಿತು. ಆಮೇಲೆ ಕೊಡಸಳ್ಳಿ, 1990ರ ದಶಕದ ಕೊನೆಗೆ 150 ಮೆಗಾವಾಟ್ ವಿದ್ಯುತ್ತಿನ ಕದ್ರಾ. ನೆರೆಯ ಕೈಗಾದಲ್ಲಿ 2000ದಿಂದ ಅಣುವಿದ್ಯುತ್ ಉತ್ಪಾದನೆ ನಡೆದಿದೆ. ಕಡಲ ಕಡೆಗೆ, ಕಾರವಾರ ಮತ್ತು ಅಂಕೋಲೆ ತಾಲೂಕುಗಳಲ್ಲಿ, ಸೀಬರ್ಡ್ ನೌಕಾನೆಲೆಗಾಗಿ ಸಾವಿರಾರು ಕುಟುಂಬಗಳು ತೀರ ಬಿಟ್ಟವು. 1930ರಲ್ಲಿ ಸ್ವಯಂಸೇವಕರಿಗೆ ಅನ್ನ ಇಕ್ಕಿದ ಅದೇ ತಾಲೂಕಿನ ಜನ ಪುನರ್ವಸತಿ ಕಾಲನಿಗಳ ನಿವೇಶನಗಳಲ್ಲಿ ಹೊಸದಾಗಿ ಗೋಡೆ ಎಬ್ಬಿಸಿದರು. ಅಂತಹ ನಿವೇಶನದ ಅಳತೆಯಲ್ಲಿ ಜಗುಲಿಗೆ ಎಡೆ ಸಿಗುವುದು ಅಪರೂಪ. ಗದ್ದೆಯಿಲ್ಲ, ಕಣಜವಿಲ್ಲ, ಹೊಳೆಗಿಳಿಯುವ ದಾರಿಯಿಲ್ಲ. ಹಿನ್ನೀರಿನ ಸೊಬಗನ್ನು ನೋಡಲು ಬರುವ ಪ್ರವಾಸಿಗೆ ಆ ನೀರಿನ ಅಡಿಯಲ್ಲಿ ಅಂಗಳಗಳಿವೆಯೆಂದು ಹೇಳಬಲ್ಲ ಆತಿಥೇಯರು ಹೆಚ್ಚಾಗಿ ದಂಡೆಯ ಮೇಲಿಲ್ಲ.

ಅಣೆಕಟ್ಟಿನ ಕೆಳಗೆ ಉಳಿದ ಮನೆಗಳ ಪಾಡೂ ನಿಶ್ಚಿಂತೆಯದಲ್ಲ. 2019ರ ಆಗಸ್ಟಿನ ಮಳೆಯಲ್ಲಿ ಕದ್ರಾದ ಬಾಗಿಲುಗಳನ್ನು ತೆರೆದು ನೀರು ಬಿಟ್ಟಾಗ ಮಲ್ಲಾಪುರದಿಂದ ಕೆಳಗಿನ ನದೀತೀರದ ಹಳ್ಳಿಗಳಿಗೆ ಹೊಳೆ ನುಗ್ಗಿತು. 2021ರ ಜುಲೈಯಲ್ಲಿ ಮತ್ತೆ ಅದೇ ಆಯಿತು. ಠಾಕೂರರ ದೋಣಿ ಸೆಳವಿಗೆ ಬಿಟ್ಟುಕೊಂಡು ಇಳಿದುಬಂದ ಪಾತ್ರವದು. ನೀರು ಇಳಿಯುವವರೆಗೆ ಆ ತೀರದ ಕುಟುಂಬಗಳು ಸರಕಾರ ತೆರೆದ ಗಂಜಿ ಕೇಂದ್ರಗಳಲ್ಲೂ ಎತ್ತರದಲ್ಲಿದ್ದ ನೆಂಟರ ಮನೆಗಳಲ್ಲೂ ರಾತ್ರಿ ಕಳೆದವು. ಅನಂತರ ಮರಳಿ ಬಂದು, ಜಗುಲಿಯ ಮೇಲೆ ಕುಳಿತಿದ್ದ ಕೆಸರನ್ನು ಎತ್ತಿ ಹಾಕಿ, ಮತ್ತೆ ಸಾರಿಸಿದವು.